ಎರಡನೆಯ ಸಾಲಿಗೆ ಸಾಯುವ ರಕ್ಕಸ

ಯರಗುಪ್ಪಿಯ ಕುರಿಗಾರ ಮಾಳಪ್ಪ ಒಟ್ಟು ಹತ್ತೊಂಬತ್ತು ಸಲ ಸತ್ತ. ಹದಿನೆಂಟು ಸಲ ದೊಡ್ಡಾಟದ ಅಟ್ಟದ ಮೇಲೆ, ರಕ್ಕಸನ ವೇಷದಲ್ಲಿ. ಒಂದು ಸಲ, 1987ರಲ್ಲಿ, ಮನೆಯ ಕಂಬಳಿಯ ಮೇಲೆ.

ಹದಿನೆಂಟು ಸಲವೂ ಅವನನ್ನು ಕೊಂದ ವೀರಾಧಿವೀರರು ಊರಗೌಡ ಶಂಭುಲಿಂಗಪ್ಪನವರು. ಅವರಿಗೆ ಮಾತ್ರ ಸಾವಿರಲಿಲ್ಲ. ಮದುವೆಯಾದ ವರ್ಷ ಅವರು ಆಟದಲ್ಲಿ ಬಾಣ ತಗುಲಿ ಬಿದ್ದಾಗ ತಾಯಿ ಗೌರಕ್ಕ ಅಟ್ಟವೇರಿ, ಸೊಸೆಯ ಕುಂಕುಮಕ್ಕೆ ಕೇಡೆಂದು ಮಗನ ರಟ್ಟೆ ಹಿಡಿದು ಎಬ್ಬಿಸಿದ್ದಳು. ಅಂದಿನಿಂದ ಕಥೆ ಯಾವುದೇ ಇರಲಿ, ಗೌಡರು ಸಾಯಕೂಡದೆಂದು ಊರು ತೀರ್ಮಾನಿಸಿತು. ಆಟ ಬರೆಯುವ ಕರಿಸಿದ್ದಪ್ಪ ಮಾಸ್ತರ ಪುರಾಣಗಳನ್ನೆಲ್ಲ ತಿದ್ದಿದ. ಬಾಣಗಳು ಗೌಡರನ್ನು ಕಂಡು ದಾರಿ ಬಿಟ್ಟವು. ಹಾವು ಕಚ್ಚಿದರೆ ಹಾವೇ ಸಾಯುತ್ತಿತ್ತು. ಮಾಳಪ್ಪನ ಹೆಂಡತಿ ಮೈಲಾರವ್ವನ ಕುಂಕುಮದ ವಿಚಾರ ಯಾರೂ ಎತ್ತಲಿಲ್ಲ.

ಪಾಪ ಅನ್ನಿಸಿ ಮಾಸ್ತರ ರಕ್ಕಸನಿಗೆ ಹನ್ನೆರಡು ಸಾಲಿನ ಸಾಯುವ ಮಾತು ಬರೆದುಕೊಟ್ಟ. ಅಕ್ಷರ ಬಾರದ ಮಾಳಪ್ಪ ಕೇಳಿ ಕೇಳಿ ಕಲಿತು, ಎರೆಹೊಲದಲ್ಲಿ ಕುರಿ ಮೇಯಿಸುತ್ತ ಅದನ್ನೇ ಒದರಿದ. ಕುರಿಗಳು ಪೂರ್ತಿ ಕೇಳಿದವು. ಊರು ಕೇಳಲಿಲ್ಲ. ಜನರ ಕಣ್ಣು ರಕ್ಕಸನ ಮೇಲೆ ನಿಂತದ್ದನ್ನು ಸೈರಿಸದೆ ಗೌಡರು ಎರಡನೆಯ ಸಾಲಿಗೇ ಗದೆ ಬೀಸುತ್ತಿದ್ದರು. ಬಿದ್ದ ಮೇಲೆ ಮಾತಿಲ್ಲ. ಒಮ್ಮೆಯಾದರೂ ಗೌಡರೆದುರು ಹನ್ನೆರಡೂ ಆಡಿ ಸಾಯಬೇಕೆಂಬುದೊಂದೇ ಅವನ ಆಸೆ.

ಹೊಟ್ಟೆಯ ಗಡ್ಡೆ ಹುಬ್ಬಳ್ಳಿಯ ಡಾಕ್ಟರರ ಕೈ ಮೀರಿದಾಗ ಮಾಳಪ್ಪ ಗೌಡರನ್ನು ಕರೆಸಿದ. ಗದೆ ತರಬಾರದೆಂದೂ ಹೇಳಿಕಳಿಸಿದ. ಅವರು ಬರಿಗೈಯಲ್ಲಿ ಬಂದು ಕೂತರು. ಮೈಲಾರವ್ವ ಗಂಡನನ್ನು ಗೋಡೆಗೆ ಆನಿಸಿದಳು. ಅವನು ಹುಬ್ಬೇರಿಸಿ ಮೊದಲ ಸಾಲು ಆಡಿದ. ಎರಡನೆಯದನ್ನೂ ಆಡಿ, ಕುತ್ತಿಗೆ ಬಾಗಿಸಿ ಕಾದ.

"ಹೊಡೀರಿ, ಗೌಡ್ರ."

"ಇಲ್ಲಲೇ ಮಾಳ್ಯಾ, ಹೊಡಿಯೂದಿಲ್ಲ. ಮುಂದ ಅನ್ನು."

"ಮುಂದಿಂದು ನೆಪ್ಪಾಗವಲ್ದರಿ. ಇಲ್ಲಿಗೆ ಬೀಳೂದ ರೂಢಿ ಆಗೇತಿ."

ಕುರಿಗಳ ಮುಂದೆ ಸಾವಿರ ಸಲ ಆಡಿದ್ದ ಸಾಲು ಗೌಡರ ಮುಖ ಕಂಡೊಡನೆ ಆರಿಹೋಗಿತ್ತು. ಹುಡುಕುತ್ತಲೇ ಇದ್ದ. ಬಿಸಿಲು ಹೊಸ್ತಿಲು ದಾಟುವಷ್ಟರಲ್ಲಿ ಉಸಿರು ನಿಂತಿತು.

ಗೌಡರು ಎದ್ದರು.

"ಕುಂದರ್ರಿ," ಎಂದಳು ಮೈಲಾರವ್ವ. "ಇನ್ನಾ ಮುಗದಿಲ್ಲ."

ಹಿಂಡಿನ ಹಿಂದೆ ನಡೆದು ನಡೆದು ಅವಳಿಗೂ ಬಾಯಿಪಾಠವಾಗಿತ್ತು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳದೆ, ಮೂರನೆಯ ಸಾಲಿನಿಂದ ಹನ್ನೆರಡನೆಯದರವರೆಗೆ ಹೇಳಿದಳು. ಕುಂಕುಮ ಇನ್ನೂ ಹಣೆಯಲ್ಲೇ ಇತ್ತು. ಮುಗಿಯುವವರೆಗೂ ಗೌಡರು ಕೂತೇ ಇದ್ದರು.