ಒಳಗಿಂದ ಬಿದ್ದ ಏಟು

ಕನಜಾವಾದ ನದಿದಂಡೆಯ ಓಣಿಯಲ್ಲಿ ಒಡೆದ ಪಿಂಗಾಣಿಯನ್ನು ಅಂಟಿಸಿ, ಬಿರುಕಿನ ಮೇಲೆ ಬಂಗಾರದ ಗೆರೆ ಎಳೆದು ಕೂಡಿಸುವ ತೊಕಿಯೆಗೆ ಮೂಗಿನ ತುದಿಯಲ್ಲೇ ಕೋಪ. ಮೀನಿನಂಗಡಿಯವನು ಅವಳಿಗೆ ನಿನ್ನೆಯ ಮೀನು ತೋರಿಸುವ ಧೈರ್ಯ ಮಾಡುವುದಿಲ್ಲ. ಮದುವೆಯಾಗಿ ಬಂದ ವರ್ಷ, ಉರುಶಿ ಮರದ ಅಂಟು ಮುಟ್ಟಿ ಮೊಣಕೈವರೆಗೆ ಗುಳ್ಳೆ ಎದ್ದಾಗ, "ತುರಿಸ್ಕೋ, ಆದ್ರೆ ಕೆಲಸ ನಿಲ್ಲಿಸ್ಬೇಡ" ಎಂದಿದ್ದಳು ಅತ್ತೆ. ಮೂವತ್ತೆಂಟು ವರ್ಷವಾಯಿತು, ನಿಲ್ಲಿಸಿಲ್ಲ.

ಆ ಮಾರ್ಚಿನಲ್ಲಿ ಕುಜುಮಕಿ ಬಂದ. ದೊಡ್ಡ ಚಹಾಮಂದಿರ ಇಟ್ಟವನು. ಅವಳಿಗೆ ಬರುವ ಅರ್ಧ ಕೆಲಸ ಅವನದೇ. ಮರದ ಪೆಟ್ಟಿಗೆ ಬಿಚ್ಚಿದರೆ ಐದು ಚೂರು. ಮಾಗಿದ ಕಾಕಿ ಹಣ್ಣಿನ ಕೆಂಗಂದು ಮೆರುಗು, ಅಂಚಿನಲ್ಲಿ ಹೆಬ್ಬೆರಳ ಗುರುತು. ಕುಂಬಾರ ಮುದುಕ ಇಸೊಗಾಯಿ ಮಾಡಿದ ಬಟ್ಟಲು. ಕೈನಡುಕ ಬಂದು ಅವನು ಚಕ್ರ ಬಿಟ್ಟು ನಾಲ್ಕು ವರ್ಷವಾಗಿತ್ತು. ಇಂಥದ್ದು ಇನ್ನೊಂದು ಹುಟ್ಟುವುದಿಲ್ಲ.

"ಬೆಕ್ಕು ಬೀಳಿಸ್ತಮ್ಮ," ಎಂದ ಕುಜುಮಕಿ. "ಬಂಗಾರ ಸ್ವಲ್ಪ ಧಾರಾಳವಾಗೇ ಹಾಕಿ."

ಅವಳು ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಜೋಡಿಸಿ ನೋಡಿದಳು. ಬಿರುಕುಗಳೆಲ್ಲ ಒಳಮೈಯ ಒಂದೇ ಚುಕ್ಕೆಯಿಂದ ಹೊರಟಿದ್ದವು. ಅಲ್ಲಿ ಮೆರುಗು ನುಚ್ಚಾಗಿತ್ತು. ಕೆಳಗೆ ಬಿದ್ದ ಬಟ್ಟಲಿಗೆ ಏಟು ಹೊರಗಿನಿಂದ ತಾಗುತ್ತದೆ. ಇದಕ್ಕೆ ಒಳಗಿನಿಂದ ತಾಗಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಬೆಕ್ಕು ಸುತ್ತಿಗೆ ಹಿಡಿಯೋದು ಯಾವಾಗ ಕಲೀತು?"

ಅವನಿಗೆ ನಾಚಿಕೆಯಾದರೂ ಆಗಬೇಕಿತ್ತು. ಆಗಲಿಲ್ಲ, ಹಲ್ಲು ಕಿರಿದ. "ಏನ್ ಮಾಡೋದು ಹೇಳಿ. ಬರೋರೆಲ್ಲ ಬಂಗಾರದ ಗೆರೆ ಇರೋದನ್ನೇ ಕೇಳ್ತಾರೆ, ಫೋಟೋ ತೆಗೀತಾರೆ. ನೆಟ್ಟಗಿರೋ ಬಟ್ಟಲನ್ನ ಯಾರು ನೋಡ್ತಾರೆ? ನಿಮ್ಮಿಂದ ಆಗದಿದ್ರೆ ಬೇರೆ ಕಡೆ ಮಾಡಿಸ್ತೀನಿ."

ಬಾಯಿಗೆ ಬಂದದ್ದನ್ನು ತೊಕಿಯೆ ನುಂಗಿಕೊಂಡಳು. ಅವನನ್ನು ಓಡಿಸುವುದು ಸುಲಭವಿತ್ತು. ಬಟ್ಟಲೂ ಅವನ ಜೊತೆ ಹೋಗುತ್ತಿತ್ತು. ನಾಳೆ ಇನ್ಯಾರೋ ಆ ಸುತ್ತಿಗೆ ಏಟಿಗೇ ಬಂಗಾರ ಬಳಿದು ಶೃಂಗಾರ ಮಾಡುತ್ತಿದ್ದರು.

"ಬಿಟ್ಟು ಹೋಗಿ. ಮೂರು ತಿಂಗಳು ಬೇಕು," ಎಂದಳು.

ಮೂರು ತಿಂಗಳೂ ಹಲ್ಲು ಕಚ್ಚಿಕೊಂಡೇ ಕೆಲಸ ಮಾಡಿದಳು. ಚೂರುಗಳನ್ನು ಉರುಶಿಯಿಂದ ಅಂಟಿಸಿ, ತೇವದ ಪೆಟ್ಟಿಗೆಯಲ್ಲಿಟ್ಟು ಗಟ್ಟಿಯಾಗಿಸಿ, ಇದ್ದಿಲಿನಿಂದ ಉಜ್ಜಿ, ಮತ್ತೆ ಬಳಿದಳು. ಬಂಗಾರದ ಪುಡಿಯ ಡಬ್ಬಿ ಮುಟ್ಟಲಿಲ್ಲ. ಉರುಶಿಗೆ ಕೆಂಪು, ಕಂದು, ಚೂರು ಕಪ್ಪು ಬೆರೆಸಿ ಇಸೊಗಾಯಿಯ ಮೆರುಗಿಗೆ ಹೊಂದಿಸತೊಡಗಿದಳು. ಹದಿನೇಳು ಸಲ ಒರೆಸಿಹಾಕಿದಳು. ಆಮೇಲೆ ಬಣ್ಣ ಕೂಡಿತು.

ಜೂನಿನಲ್ಲಿ ಕುಜುಮಕಿ ಬಂದು ಬಟ್ಟಲನ್ನು ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ.

"ಬಂಗಾರ ಎಲ್ಲಿ?"

"ಬಿದ್ದು ಒಡೆದದ್ದಕ್ಕೆ ಬಂಗಾರ ಹಾಕ್ತೀನಿ. ಇದು ಬೀಳ್ಲಿಲ್ವಲ್ಲ."

ಅವನ ಮುಖ ಕೆಂಪೇರಿತು. "ಇನ್ಮೇಲೆ ನಮ್ಮ ಒಂದು ಕೆಲಸಾನೂ ನಿಮಗೆ ಬರಲ್ಲ, ತಿಳ್ಕೊಳ್ಳಿ."

"ಬೇಡ. ಒಡೆದ ಜಾಗ ಎಲ್ಲಿದೆ ತೋರ್ಸಿ. ತೋರ್ಸಿದ್ರೆ ಈಗಲೇ ಬಂಗಾರ ಹಚ್ಕೊಡ್ತೀನಿ."

ಅವನು ಕಿಟಕಿಯ ಹತ್ತಿರ ಹೋದ, ಕನ್ನಡಕ ಹಾಕಿಕೊಂಡ, ಉಗುರಿನಿಂದ ಒಳಮೈ ಸವರಿದ. ತೊಕಿಯೆ ನೀರು ಕಾಯಿಸಿ, ತನ್ನೊಬ್ಬಳಿಗೇ ಚಹಾ ಮಾಡಿಕೊಂಡು, ಕುಡಿದು ಮುಗಿಸಿ ಲೋಟ ತೊಳೆದಿಟ್ಟಳು. ಅವನು ಇನ್ನೂ ಹುಡುಕುತ್ತಿದ್ದ.