ಯಜಮಾನರ ಟ್ಯೂಬ್‌ಲೈಟು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಹಾಲು ಉಕ್ಕಿ ಒಲೆ ಹಾಳಾದರೆ, ಬಸ್ಸು ತಪ್ಪಿದರೆ, ಹೇಳದೆ ಕೇಳದೆ ನಾಲ್ಕು ಜನ ಊಟಕ್ಕೆ ಬಂದರೆ ನಾನು ಶಾಂತಮೂರ್ತಿ. ಆದರೆ ಒಂದು ಪ್ರಶ್ನೆ ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ಮೈಯೆಲ್ಲ ಉರಿಯುತ್ತದೆ. "ಯಾರು ಮಾಡಿಕೊಟ್ರು ನಿಮಗೆ?"

ಕೇಳಿಸಿಕೊಳ್ಳಲು ಸಾಧು ಪ್ರಶ್ನೆ. ವಿಷ ಇರುವುದು ವ್ಯಾಕರಣದಲ್ಲಿ. ಶಾಲೆಯಲ್ಲಿ ಉರು ಹೊಡೆದ ವಿಭಕ್ತಿಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. 'ಯಾರು' ಎಂಬಾತ ಪ್ರಥಮಾ ವಿಭಕ್ತಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ. 'ನಿಮಗೆ' ಎಂಬ ನಾನು ಚತುರ್ಥಿಯಲ್ಲಿ ಸೆರಗೊಡ್ಡಿ ನಿಂತಿದ್ದೇನೆ. ನನ್ನನ್ನು ಒಂದೇ ಒಂದು ಸಲ ಪ್ರಥಮಾ ವಿಭಕ್ತಿಗೆ ಹತ್ತಿಸುವುದಕ್ಕೆ ಒಂದಿಡೀ ಊರಿಗೆ ಎಷ್ಟು ಕಷ್ಟವಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಎಂಬತ್ತರ ದಶಕದ ಆರಂಭ. ನಮ್ಮವರಿಗೆ ಪಾವಗಡಕ್ಕೆ ವರ್ಗವಾಗಿತ್ತು. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹೆಸರು ಮೂರ್ತಿ. ಬಹಳ ಒಳ್ಳೆಯ ಮನುಷ್ಯ, ಆದರೆ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಮಧುಗಿರಿಯವಳು, ತುಮಕೂರಿನಲ್ಲಿ ಬಿ.ಎಸ್ಸಿ. ಓದಿದವಳು. ಮದುವೆಗೆ ಮುಂಚೆ ತವರಿನ ರೇಡಿಯೋವನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದೆನೆಂದರೆ, ಅದು ಹಾಡುವುದಕ್ಕಿಂತ ಬಿಚ್ಚಿಕೊಂಡು ಮಲಗಿದ್ದೇ ಹೆಚ್ಚು. ಪಾವಗಡಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಬೆಸುಗೆ ಹಾಕುವ ಕಡ್ಡಿ, ತವರದ ತಂತಿ, ಹಳೆಯ ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳು ಇದ್ದವು.

ಅಲ್ಲಿ ಕರೆಂಟು ಬರುವುದೇ ಹಬ್ಬ. ಸಂಜೆ ದೀಪ ಹೋದರೆ ಬುಡ್ಡಿಯ ಮಸಿಯಲ್ಲಿ ಕೂತು ಸೊಪ್ಪು ಬಿಡಿಸಬೇಕು. ನನ್ನ ಪತ್ರಿಕೆಗಳಲ್ಲಿ ಒಂದು ಉಪಾಯವಿತ್ತು. ಮನೆಯ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರನ್ನೇ ಹಿಂದುಮುಂದಾಗಿ ಜೋಡಿಸಿದರೆ, ಬ್ಯಾಟರಿಯ ಹನ್ನೆರಡು ವೋಲ್ಟನ್ನು ಅದು ಟ್ಯೂಬ್‌ಲೈಟು ಉರಿಯುವಷ್ಟು ಮೇಲಕ್ಕೆ ಏರಿಸುತ್ತದೆ. ಆದರೆ ಬ್ಯಾಟರಿಯನ್ನು ಸುಮ್ಮನೆ ಅದಕ್ಕೆ ಕಟ್ಟಿದರೆ ಏನೂ ಆಗುವುದಿಲ್ಲ. ಒಂದೇ ಸಮನೆ ಹರಿಯುವ ಕರೆಂಟನ್ನು ಟ್ರಾನ್ಸ್‌ಫಾರ್ಮರು ಕ್ಯಾರೇ ಅನ್ನುವುದಿಲ್ಲ. ತಡೆದು, ಬಿಟ್ಟು, ಮತ್ತೆ ತಡೆದು ಕಾಡಿಸಿದರೆ ಮಾತ್ರ ಅದು ಎಚ್ಚೆತ್ತುಕೊಳ್ಳುತ್ತದೆ. ಆ ಕಾಡಿಸುವ ಕೆಲಸಕ್ಕೆ ಎರಡು ಟ್ರಾನ್ಸಿಸ್ಟರು ಬೇಕು.

ಶಿರಾದಲ್ಲಿ ರೇಡಿಯೋ ಸಾಮಾನಿನ ಒಂದು ಅಂಗಡಿಯಿತ್ತು. ಅಂಗಡಿಯವರು, "ಯಾರಿಗಮ್ಮಾ, ಯಜಮಾನ್ರಿಗಾ?" ಎಂದರು. "ನನಗೆ" ಎಂದೆ. "ಅಚ್ಛಾ, ಎಷ್ಟು ವಾಟಿನ ಟ್ಯೂಬು?" ಎಂದು ಕೇಳಿ ಸಾಮಾನು ತೆಗೆದಿಟ್ಟರು. ಇಡೀ ಪ್ರಕರಣದಲ್ಲಿ ನನಗೆ ಕೋಪ ಬರಿಸದ ಗಂಡಸು ಅವರೊಬ್ಬರೇ.

ಲಾರಿಯಿಂದ ಇಳಿಸಿದ್ದ ಹಳೆಯ ಬ್ಯಾಟರಿಯೊಂದನ್ನು ಕೊಂಡು ತಂದೆವು. ಎರಡು ಟ್ರಾನ್ಸಿಸ್ಟರು ಸುಟ್ಟವು, ನನ್ನ ಹೆಬ್ಬೆರಳೂ ಸುಟ್ಟಿತು. ಕೊನೆಗೆ ಒಂದು ಸಂಜೆ ಪೆಟ್ಟಿಗೆ ಸೊಳ್ಳೆಯಂತೆ ಗುಂಯ್‌ಗುಟ್ಟಿ, ಟ್ಯೂಬು ಬೆಳ್ಳಗೆ ಹತ್ತಿಕೊಂಡಿತು. ಕತ್ತಲಾದ ಬೀದಿಯಲ್ಲಿ ನಮ್ಮದೊಂದೇ ಮನೆ ಬೆಳಗುತ್ತಿತ್ತು. ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಓಡಿಬಂದು, ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ ನಮ್ಮವರನ್ನು ಹೊಗಳಿದರು.

"ಏಮಮ್ಮಾ, ಹಗಲಾದಂಗೈತೆ! ಮೀ ಸಾರು ಭಲೇ ಬುದ್ಧಿವಂತ್ರು ಕಣಮ್ಮ!"

"ಅವರಲ್ಲ, ನಾನು ಮಾಡಿದ್ದು."

"ಊಂ ಊಂ" ಎಂದು ಆಕೆ ನಕ್ಕರು. ಮಗು ತಾನೇ ಬಸ್ಸು ಓಡಿಸಿದೆ ಎಂದಾಗ ದೊಡ್ಡವರು ನಗುತ್ತಾರಲ್ಲ, ಆ ನಗು. ಆಮೇಲೆ ಒಳಗೆ ಇಣುಕಿ, ಪೇಪರು ಓದುತ್ತಿದ್ದ ನಮ್ಮವರಿಗೆ ಕೈಮುಗಿದು ಹೋದರು.

ಬಂದವರೆಲ್ಲ ಹೀಗೇ, "ಯಾರು ಮಾಡಿಕೊಟ್ರು ನಿಮಗೆ?" ಎಂದು ನನ್ನನ್ನು ಕೇಳಿ ನಮ್ಮವರ ಕಡೆ ತಿರುಗುತ್ತಿದ್ದರು. ನಮ್ಮವರು ಸುಳ್ಳು ಹೇಳುವವರಲ್ಲ. "ನನಗೇನೂ ಗೊತ್ತಿಲ್ಲಪ್ಪ, ಎಲ್ಲಾ ಇವಳದೇ" ಎಂದು ನಗುನಗುತ್ತಾ ಹೇಳುತ್ತಿದ್ದರು. ಆ ನಗುವೇ ನನ್ನ ಮನೆ ಹಾಳು ಮಾಡಿದ್ದು. ಎಂಥ ವಿನಯ, ಹೆಂಡತಿಯ ಮೇಲೆ ಎಂಥ ಪ್ರೀತಿ ಎಂದು ಜನ ಕರಗಿಹೋದರು. ಅವರು ಅಲ್ಲಗಳೆದಷ್ಟೂ ವಿಜ್ಞಾನಿಯಾಗಿ ಬೆಳೆದರು. ನಾನು ಹೇಳಿಕೊಂಡಷ್ಟೂ ಜಂಬದವಳಾದೆ.

ಸುದ್ದಿ ನಮ್ಮವರ ಕಚೇರಿಯ ಮೇಲಧಿಕಾರಿ ಸಾಹೇಬರಿಗೆ ಮುಟ್ಟಿತು. ಅವರು ನೌಕರರ ಬಳಗಕ್ಕೂ ಅಧ್ಯಕ್ಷರು. ಬಳಗದ ವಾರ್ಷಿಕೋತ್ಸವದಲ್ಲಿ ಮೂರ್ತಿಯವರಿಗೆ ಸನ್ಮಾನ, ವೇದಿಕೆಗೆ ಅವರದೇ ದೀಪ ಎಂದು ತೀರ್ಮಾನವಾಯಿತು.

"ಹೋಗಲಿ ಬಿಡೇ" ಎಂದರು ನಮ್ಮವರು. "ಸಾಹೇಬರಿಗೆ ಬೇಜಾರು ಮಾಡೋದು ಬೇಡ. ಹೆಸರಲ್ಲೇನಿದೆ?"

"ಏನೂ ಇಲ್ದಿದ್ರೆ ನನ್ನದೇ ಇರಲಿ."

ಅದಕ್ಕೂ ನಕ್ಕರು. ಅವರಿಗೆ ಇದೆಲ್ಲ ತಮಾಷೆ. ನಾನು ಅವತ್ತು ಅವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ. ಅದನ್ನೂ ನಗುತ್ತಲೇ ಉಂಡರು.

ಛತ್ರದ ಹಾಲಿನಲ್ಲಿ ಸಮಾರಂಭ. ಭಾಷಣ ಶುರುವಾಗುವಷ್ಟರಲ್ಲಿ ವಾಡಿಕೆಯಂತೆ ಕರೆಂಟು ಹೋಯಿತು. ನನ್ನ ಟ್ಯೂಬು ಹತ್ತಿಕೊಂಡಿತು. ಚಪ್ಪಾಳೆ. ಪೆಟ್ಟಿಗೆ, ಬ್ಯಾಟರಿ ಎರಡೂ ವೇದಿಕೆಯ ಮಗ್ಗುಲಲ್ಲಿ, ಹೆಂಗಸರು ಕೂತಿದ್ದ ಕಡೆಗೇ ಇದ್ದವು. ನನ್ನ ಪಕ್ಕದಲ್ಲಿ ಸಾಹೇಬರ ಹೆಂಡತಿ ಸಾವಿತ್ರಮ್ಮ, ಮಾತಿಲ್ಲದ ಹೆಂಗಸು, ಕೈ ಕಟ್ಟಿ ಕೂತಿದ್ದರು. ನಮ್ಮವರಿಗೆ ಹಾರ ಹಾಕಿ ಶಾಲು ಹೊದಿಸಿದರು. "ಇದು ನನ್ನ ಹೆಂಡತಿ ಮಾಡಿದ್ದು" ಎಂದು ನಮ್ಮವರು ಮೈಕಿಲ್ಲದಿದ್ದರೂ ಗಟ್ಟಿಯಾಗಿಯೇ ಹೇಳಿದರು, ನಕ್ಕರು. ಸಭೆಯೂ ನಕ್ಕಿತು.

ಸಾಹೇಬರು ಮುಂದೆ ಬಂದರು. "ನೋಡಿ, ಪ್ರತಿ ಸಾಧಕನ ಹಿಂದೆ ಹೊತ್ತು ಹೊತ್ತಿಗೆ ಕಾಫಿ ಕೊಡೋ ಒಬ್ಬ ಹೆಣ್ಣುಮಗಳು ಇರ್ತಾಳೆ. ಆ ತಾಯಿಗೂ ಒಂದು ರವಿಕೆ ಕಣ ಕೊಡೋಣ!"

ನಾನು ಎದ್ದೆ. ವೇದಿಕೆಗೆ ಹೋಗಲಿಲ್ಲ. ನಾಲ್ಕು ಹೆಜ್ಜೆ ಬಗ್ಗಿ ನಡೆದು ಬ್ಯಾಟರಿಯ ಕ್ಲಿಪ್ಪು ಕಿತ್ತೆ. ಗಾಢಾಂಧಕಾರ.

"ಏನಾಯ್ತು ಮೂರ್ತಿ? ಸ್ವಲ್ಪ ನೋಡ್ರೀ" ಎಂದಿತು ಸಾಹೇಬರ ದನಿ. ಯಾರೋ ಟಾರ್ಚು ಬಿಟ್ಟರು. ಮರ್ಯಾದೆ ಉಳಿಸಿಕೊಳ್ಳಲು ನಮ್ಮವರು ಬಗ್ಗಿ ಒಂದು ಕೈಯಲ್ಲಿ ಕ್ಲಿಪ್ಪನ್ನು ಬ್ಯಾಟರಿಗೆ ಒತ್ತಿದರು. ಇನ್ನೊಂದು ಕೈ ಟ್ಯೂಬಿಗೆ ಹೋಗುವ ತಂತಿಗಳ ಗಂಟಿನ ಮೇಲಿತ್ತು.

"ಅಯ್ಯಯ್ಯಪ್ಪೋ!"

ಶಾಲು ಒಂದು ಕಡೆ, ಹಾರ ಒಂದು ಕಡೆ, ಅವರು ಒಂದು ಕಡೆ.  ಓಡಿಹೋಗಿ ಕೈ ಹಿಡಿದು ನೋಡಿದೆ. ಬೆರಳು ಜುಮ್ಮೆನ್ನುತ್ತಿದ್ದುದು ಬಿಟ್ಟರೆ ಏನೂ ಆಗಿರಲಿಲ್ಲ. ತಂತಿ ಸರಿಪಡಿಸಿ, ಕ್ಲಿಪ್ಪು ಕಚ್ಚಿಸಿದೆ. ಎಲ್ಲರ ಕಣ್ಣೆದುರೇ ದೀಪ ಹತ್ತಿತು. ಈಗಲಾದರೂ ಗೊತ್ತಾಯಿತಲ್ಲ ಎಂದುಕೊಂಡೆ.

ಊರು ಏನು ತೀರ್ಮಾನಿಸಿತು ಗೊತ್ತೆ? ಮೂರ್ತಿಗೆ ಇದರ ಗಂಧಗಾಳಿ ಇಲ್ಲ, ಆದ್ದರಿಂದ ಪೆಟ್ಟಿಗೆಯನ್ನು ಬೆಂಗಳೂರಲ್ಲಿ ಕೊಂಡು ತಂದಿದ್ದಾನೆ! ಮಾಡಿದ್ದು ನಾನೆಂದು ಒಪ್ಪುವುದಕ್ಕಿಂತ ಬೆಂಗಳೂರು ಅವರಿಗೆ ಹತ್ತಿರವಾಗಿತ್ತು. ಸಾಹೇಬರು ಕಚೇರಿಯಲ್ಲಿ ಎಲ್ಲರೆದುರು, "ಅಂಗಡೀಲಿ ಕೊಂಡಿದ್ದಕ್ಕೆ ಶಾಲು ಹೊದಿಸ್ಕೊಂಡ್ರಲ್ಲ, ಒಳ್ಳೇ ಆಸಾಮಿ ಕಣ್ರೀ ನೀವು" ಎಂದರಂತೆ.

ನಮ್ಮವರು ಕೆಂಪಗಾಗಿ ಮನೆಗೆ ಬಂದರು. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಂದ್ರೆ ಏನರ್ಥ? ನಾನು ಸುಳ್ಳುಗಾರ ಅಂತಲಾ?"

"ನಾನು ಹೇಳಿದ್ದನ್ನೂ ಊರೆಲ್ಲ ಸುಳ್ಳು ಅಂತಿತ್ತಲ್ಲ. ಆಗ ನಿಮಗೆ ನಗು ಬರ್ತಿತ್ತು."

 ಅವರು ಉಣ್ಣದೆ ತಟ್ಟೆ ಸರಿಸಿ ಎದ್ದರು. ಮರುದಿನ ಶಾಲು ಮಡಿಸಿಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟು, "ಮಾಡಿದ್ದು ನನ್ನ ಹೆಂಡ್ತಿ ಸಾರ್. ಹೊದಿಸೋದಾದ್ರೆ ಅವಳಿಗೆ ಹೊದಿಸಿ, ಇಲ್ದಿದ್ರೆ ನೀವೇ ಇಟ್ಕೊಳ್ಳಿ" ಎಂದು ಗುಡುಗಿದರಂತೆ. ಅದೇ ಮಾತು. ನಕ್ಕು ಹೇಳಿದಾಗ ವಿನಯವಾಗಿತ್ತು, ಸಿಟ್ಟಿನಲ್ಲಿ ಹೇಳಿದೊಡನೆ ನಿಜವಾಯಿತು. ಕಚೇರಿ ನಂಬಿತು, ಬೀದಿಯೂ ನಂಬಿತು. ವರ್ಷವಿಡೀ ನಾನು ಪಟ್ಟ ಕೋಪಕ್ಕೆ ಬೆಲೆ ಬರಲಿಲ್ಲ, ಅವರ ಒಂದು ದಿನದ ಕೋಪಕ್ಕೆ ಬಂತು. ಇದಕ್ಕೂ ನನಗೆ ಕೋಪವಿದೆ. ಇಟ್ಟುಕೊಂಡಿದ್ದೇನೆ.

ಶಾಲು ನನಗೆ ಬರಲಿಲ್ಲ. ಬದಲಿಗೆ ಸಾಹೇಬರು ನಮ್ಮವರನ್ನು ಕೆಲವು ತಿಂಗಳು ತಿರುಮಣಿ ಕಡೆಯ ಹಳ್ಳಿಗಳ ಓಡಾಟದ ಕೆಲಸಕ್ಕೆ ಹಾಕಿದರು. ಸಂಜೆ ತಲೆ ತುಂಬ ಧೂಳು ಮೆತ್ತಿಕೊಂಡು ಬಂದು, "ನಿನ್ನ ಟ್ಯೂಬ್‌ಲೈಟಿನ ಪ್ರಸಾದ" ಎನ್ನುತ್ತಿದ್ದರು. ದೂರುವ ದನಿಯಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಸಾಹೇಬರ ಹೆಂಡತಿ ಸಾವಿತ್ರಮ್ಮ. ಕುಡಿಯಲು ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ, "ಅವತ್ತು ನೀವು ಕ್ಲಿಪ್ಪು ಕಿತ್ತಿದ್ದು ನೋಡ್ದೆ ಕಣಮ್ಮ. ಯಾರಿಗೂ ಹೇಳಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ನಂಗೂ ಕಲಿಸ್ತೀರಾ? ಮನೇಲಿ ಹೇಳಿಲ್ಲ."

ಚಾಪೆ ಹಾಸಿ, ಬೆಸುಗೆಯ ಕಡ್ಡಿ ಕಾಯಿಸಿ ಕೈಗೆ ಕೊಟ್ಟೆ. ಹಿಡಿಯುವುದು ಹೇಗೆಂದು ತೋರಿಸಿದೆ. ಕರಗಿದ ತವರ ಮಾತು ಕೇಳಲಿಲ್ಲ. ಉಂಡೆಯಾಗಿ ಅಲ್ಲಿ ಇಲ್ಲಿ ಉರುಳಿತು. ಮೂರನೆಯ ಸಲ ಬೆರಳಿಗೇ ಕಡ್ಡಿ ತಗುಲಿತು. ಆ ಮಾತಿಲ್ಲದ ಹೆಂಗಸಿನ ಬಾಯಿಂದ ಶುದ್ಧ ತೆಲುಗಿನಲ್ಲಿ ಒಂದು ಬೈಗುಳ ಹೊರಬಿತ್ತು. ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಆಕೆ ಬೆರಳನ್ನು ಬಾಯಲ್ಲಿಟ್ಟುಕೊಂಡು, ಕಡ್ಡಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು.

ಚೆನ್ನಾಗಿ ಕಲಿಯುತ್ತಾರೆ ಎಂದು ನನಗೆ ಆಗಲೇ ಗೊತ್ತಾಯಿತು.