ಸೊಳ್ಳೆ ಸಾಹೇಬರು ಮತ್ತು ತೊಟ್ಟಿಯ ಹುಳ

ಅವರ ಮೂಗಿನ ತುದಿ ಸದಾ ಒದ್ದೆ. ನೆಗಡಿಯಿಂದಲ್ಲ. ಹೊಂಡ, ತೊಟ್ಟಿ, ಒರಳುಕಲ್ಲಿನ ಕುಳಿ, ನೀರು ನಿಂತಲ್ಲೆಲ್ಲ ಮುಖ ತಾಗುವಷ್ಟು ಬಗ್ಗಿ ಸೊಳ್ಳೆಮರಿ ಹುಡುಕುವುದು ಅವರ ಸರ್ಕಾರಿ ಕೆಲಸ. ಎಪ್ಪತ್ತರ ದಶಕದಲ್ಲಿ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನ ನಾವೆಲ್ಲ ಅವರನ್ನು ಸೊಳ್ಳೆ ಸಾಹೇಬರು ಎಂದೇ ಕರೆಯುತ್ತಿದ್ದೆವು. ಹದಿನೈದು ದಿನಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು, "ಜ್ವರ ಯಾರಿಗಾರ ಐತೇನ್ರಮ್ಮ?" ಎಂದು ಕೂಗಿ, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋಗುವರು. ಅವರು ಕೇಳಿದೊಡನೆ ನನಗೆ ಮೈ ಬಿಸಿಯಾದಂತೆ ಅನಿಸುತ್ತಿತ್ತು. ಹೆದರುವುದಕ್ಕೆ ನನಗೆ ಕಾರಣ ಬೇಕಿರಲಿಲ್ಲ, ಈಗಲೂ ಬೇಡ.

ಆಗ ನನ್ನ ಮಗಳಿಗೆ ಮೂರು ವರ್ಷ. ಹಿತ್ತಲಿನ ತೊಟ್ಟಿಯಲ್ಲಿ ಒಂದು ದಿನ ಹುಳಗಳು ಕಂಡವು. ಕೆಸರಿನ ಬಣ್ಣ, ಆರು ಕಾಲು, ಉಬ್ಬಿದ ಕಣ್ಣು. ನೀರಿನ ಚೇಳೆಂದೇ ತೀರ್ಮಾನಿಸಿದೆ. ಮಗು ಆ ನೀರು ಕುಡಿದರೆ? ಹೊಟ್ಟೆಯೊಳಗೆ ಅವು ಮರಿ ಹಾಕಿದರೆ? ನೀರಿಗೆ ಸದಾ ಬರವಿರುವ ನಮ್ಮ ಕಡೆ ತೊಟ್ಟಿ ನೀರು ಚೆಲ್ಲುವ ಧೈರ್ಯ ಯಾರಿಗಿದೆ? ಹಳೇ ಸೀರೆಯಲ್ಲಿ ನೀರನ್ನೆಲ್ಲ ಸೋಸಿ, ಹುಳಗಳನ್ನು ಮಾತ್ರ ಬಿಸಿಲಿಗೆ ಎಸೆದು, ನೀರನ್ನು ಮತ್ತೆ ತೊಟ್ಟಿಗೇ ಸುರಿದೆ.

ಕೆಲವೇ ದಿನಗಳಲ್ಲಿ ಮನೆ ತುಂಬ ಸೊಳ್ಳೆ. ತಿಂಗಳು ಕಳೆಯುವುದರೊಳಗೆ ಮಗುವಿಗೆ ನಡುಕ, ಚಳಿಜ್ವರ.

ಸಾಹೇಬರು ಬಂದು ಮಗುವಿನ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿಕೊಂಡು, ಅವತ್ತಿನ ಮಾತ್ರೆ ಕೊಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ತೊಟ್ಟಿಗೆ ಬಗ್ಗಿದರು.

"ಇಲ್ಲಿ ಏರೋಪ್ಲೇನ್ ಚಿಟ್ಟೆ ಮರಿ ಇದ್ವಲ್ರಮ್ಮ, ಏನಾದ್ವು?"

"ಚೇಳು ಅಂತ ಸೋಸಿ ಎಸೆದುಬಿಟ್ಟೆ ಸಾರ್."

"ಚೇಳಾ? ಅಯ್ಯೋ ನಮ್ಮವ್ವ! ಸೊಳ್ಳೆಮರಿ ತಿನ್ನೋವು ಅವು. ಪೊಲೀಸರನ್ನ ಓಡ್ಸಿ ಕಳ್ಳರಿಗೆ ಮನೆ ಬಿಟ್ಟಂಗಾತು."

ರಕ್ತದ ಗಾಜು ಪರೀಕ್ಷೆಗೆ ಚಿತ್ರದುರ್ಗಕ್ಕೆ ಹೋಯಿತು. ನಾನು ಮಗುವಿನ ಹಣೆ ಮುಟ್ಟುತ್ತ ಕುಳಿತೆ. "ಏನೂ ಆಗಲ್ಲ" ಎಂದರು ಗಂಡ. "ನಿಂದೇನೈತೆ ಬಿಡೇ, ಎಲ್ಲಾರ ಮಕ್ಕಳಿಗೂ ಬರ್ತೈತೆ" ಎಂದಳು ಪಕ್ಕದ ಮನೆಯಾಕೆ. ಒಂದು ಮಾತೂ ಒಳಗಿಳಿಯಲಿಲ್ಲ.

ಐದನೆಯ ದಿನ, ತಮ್ಮ ಸರದಿಯಲ್ಲದಿದ್ದರೂ, ಸಾಹೇಬರು ಬೆಳಿಗ್ಗೆಯೇ ಬಂದರು. ಮಲೇರಿಯಾವೇ ಎಂದು ಖಚಿತವಾಗಿತ್ತು. ಒಂದು ಕೈಯಲ್ಲಿ ಐದು ದಿನದ ಮಾತ್ರೆ, ಇನ್ನೊಂದರಲ್ಲಿ ಹಳಿ ಪಕ್ಕದ ಹೊಂಡದಿಂದ ಹಿಡಿದ ಚಿಟ್ಟೆಮರಿಗಳ ಬಾಟಲಿ. ಅದರೊಳಕ್ಕೆ ಒಂದು ಸೊಳ್ಳೆಮರಿ ಬಿಟ್ಟರು. ಚಿಟ್ಟೆಮರಿಯ ಕೆಳದುಟಿ ಮಡಿಸಿದ ಕೈಯಂತೆ ಚಿಮ್ಮಿ ಅದನ್ನು ಬಾಚಿಕೊಂಡಿತು. ಅವನ್ನೆಲ್ಲ ತೊಟ್ಟಿಗೆ ಸುರಿದು, ಮಧ್ಯದಲ್ಲಿ ಒಂದು ಕಡ್ಡಿ ನೆಟ್ಟರು. "ರೆಕ್ಕೆ ಬರೋ ಹೊತ್ತಿಗೆ ಇದನ್ನ ಹತ್ತತಾವೆ ನೋಡ್ರಿ."

ನಾನು ಕೇಳಿಯೇಬಿಟ್ಟೆ. "ಜ್ವರ ನನ್ನಿಂದಲೇ ಬಂತಾ ಸಾರ್?"

ಅವರು ಮಾತ್ರೆಗಳನ್ನು ನನ್ನ ಕೈಗಿಟ್ಟರು. "ಸ್ವಲ್ಪ ನಿಮ್ಮಿಂದಾನೂ ಐತಮ್ಮ. ಸುಳ್ಳು ಯಾಕ್ ಹೇಳಾಣ? ಆದ್ರೆ ಈ ಮಾತ್ರೆ ಪೂರ್ತಿ ಕೊಡ್ರಿ. ಮಗು ಉಳಿತೈತೆ."

ಬೆಲ್ಲದಲ್ಲಿ ಅರೆದು ಕೊಟ್ಟೆ. ನಾಲ್ಕನೆಯ ಬೆಳಗಿಗೆ ಮಗಳು ನನ್ನ ಸೊಂಟವೇರಿ ಹಿತ್ತಲಿಗೆ ಬಂದಳು. ಕಡ್ಡಿಯ ಮೇಲೊಂದು ಮರಿಯ ಬೆನ್ನು ಬಿರಿದು, ಮಾಸಲು ಹಳದಿಯ ಮೆತ್ತನೆ ಜೀವ ಹೊರಬಂದು, ಒದ್ದೆ ಕಾಗದದಂಥ ರೆಕ್ಕೆ ಬಿಡಿಸುತ್ತಿತ್ತು. ಬಿಸಿಲೇರಿದ ಮೇಲೆ ಹಾರಿತು. "ಅಮ್ಮಾ, ಚೇಳು ಹಾರ್ತು!" ಎಂದಳು. ಮುಂದೆ ಗಂಡುಗಳು ಒಣಮೆಣಸಿನಕಾಯಿಯಷ್ಟು ಕೆಂಪಾಗಿ, ಹಾರಿ ಹೋದರೂ ತಿರುಗಿ ಅದೇ ಕಡ್ಡಿಗೆ ಬಂದು ಕೂರುತ್ತಿದ್ದವು. ಹಳದಿ ಹೆಣ್ಣುಗಳು ಬಾಲದ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ಮೊಟ್ಟೆಯಿಡುತ್ತಿದ್ದವು.

ಸಾಹೇಬರಿಗೆ ಹೊಸದುರ್ಗದ ಕಡೆ ವರ್ಗವಾಯಿತು. ಅಲ್ಲೇ ತೀರಿಕೊಂಡರೆಂದು ತಿಳಿಯುವ ಹೊತ್ತಿಗೆ ವರ್ಷವೇ ಆಗಿತ್ತು. ಅವರಿಗೆ ನಾನೊಂದು ಮಾತು ಹೇಳಬೇಕಿತ್ತು. ನನ್ನಂಥ ಹೆದರುಪುಕ್ಕಲಿಗೆ ಸಮಾಧಾನ ಹೇಳಿದವರು ಬೇಕಾದಷ್ಟು ಮಂದಿ. ತಪ್ಪು ನಿನ್ನದೂ ಹೌದು ಎಂದವರು ಅವರೊಬ್ಬರೇ. ಅದಕ್ಕೇ, ಮಗು ಉಳಿಯುತ್ತದೆ ಎಂದು ಅವರು ಹೇಳಿದಾಗ ನಂಬಿದೆ. ಅವತ್ತು ಮಧ್ಯಾಹ್ನ, ಎಷ್ಟೋ ದಿನಗಳ ಮೇಲೆ, ಮಗುವಿನ ಪಕ್ಕದಲ್ಲಿ ನಿದ್ದೆ ಹೋದೆ.